ಯಾವ ಕೆಲಸಕ್ಕೆ ಯಾವ ಡ್ರೋನು?

(ನಮ್ಮ ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬರುವ ತಿಂಗಳು ನಮ್ಮ ಊರಿನ ಸಹಕಾರಿ ಸಂಘದ ಸಭೆಯಲ್ಲಿ ಒಂದು ವಿಷಯ ಚರ್ಚೆಗೆ ಬರಲಿದೆ. ಸದಸ್ಯರೆಲ್ಲರ ಬಳಕೆಗಾಗಿ ಔಷಧಿ ಸಿಂಪಡಿಸುವ ಡ್ರೋನ್ ಒಂದನ್ನು ಕೊಳ್ಳಬೇಕೇ, ಬೇಡವೇ ಎಂಬುದೇ ಆ ವಿಷಯ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊನೆಗೌಡರು ಸಿಗುತ್ತಿಲ್ಲ, ಸಿಗುವವರಿಗೂ ವಯಸ್ಸಾಗಿದೆ. ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಮನೆಯ ಜಗುಲಿಯಲ್ಲಿ ಕುಳಿತು ಯಂತ್ರ ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಯಂತ್ರ ಬೇಕು ಎಂದಾಕ್ಷಣ ಯಾವ ಯಂತ್ರವಾದರೂ ಆದೀತು ಎಂದರ್ಥವಲ್ಲ.

ಡ್ರೋನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಅಡಕೆ ಸುಲಿಯುವ ಮೆಟ್ಟುಗತ್ತಿಯೂ ಕತ್ತಿಯೇ, ಬೆಟ್ಟದಲ್ಲಿ ಸೊಪ್ಪು ಸವರುವುದೂ ಕತ್ತಿಯೇ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಿಡಿದವನ ಕೈ ಕುಯ್ದುಕೊಳ್ಳುತ್ತದೆ. ಡ್ರೋನಿನ ವಿಚಾರವೂ ಹೀಗೆಯೇ. ಕೆಲಸ ಯಾವುದೆಂಬುದು ಮೊದಲು ನಿಶ್ಚಯವಾಗಬೇಕು. ಯಂತ್ರದ ಮಾತು ಆಮೇಲಿನದು.

ಆಕಾರದಲ್ಲಿ ಮುಖ್ಯವಾಗಿ ಮೂರು ಬಗೆ. ನಾಲ್ಕು, ಆರು ಅಥವಾ ಎಂಟು ಪಂಖಗಳ ಡ್ರೋನ್ ನಿಂತಲ್ಲಿಂದಲೇ ಮೇಲೇಳುತ್ತದೆ, ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲದು. ಆದರೆ ತನ್ನ ಭಾರವನ್ನೆಲ್ಲ ಪಂಖದ ಬಲದಿಂದಲೇ ಹೊರಬೇಕಾದ್ದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ಸಣ್ಣ ಕ್ಯಾಮೆರಾದ ಡ್ರೋನ್ ಅರ್ಧ ಗಂಟೆಯ ಆಸುಪಾಸು ಹಾರಿದರೆ, 10 ಲೀಟರ್ ದ್ರಾವಣ ತುಂಬಿದ ಸಿಂಪಡಣೆಯ ಡ್ರೋನ್ 10–15 ನಿಮಿಷಕ್ಕೇ ಇಳಿಯಬೇಕಾಗುತ್ತದೆ. ಎರಡನೆಯದು ವಿಮಾನದಂತೆ ಸ್ಥಿರ ರೆಕ್ಕೆಯದು. ರೆಕ್ಕೆಯೇ ಭಾರ ಹೊರುವುದರಿಂದ ಒಂದು ಗಂಟೆಗೂ ಮೀರಿ ಹಾರಬಲ್ಲದು. ಆದರೆ ನಿಲ್ಲಲಾರದು, ಇಳಿಯಲು ಬಯಲು ಬೇಕು. ಮೂರನೆಯದು ಇವೆರಡರ ಮಿಶ್ರತಳಿ: ನೇರವಾಗಿ ಮೇಲೆದ್ದು, ಬಳಿಕ ರೆಕ್ಕೆಯ ಮೇಲೆ ಸಾಗುವಂಥದು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಕಾನೂನು ತೂಕವನ್ನು ನೋಡುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, 2 ಕಿಲೋವರೆಗಿನದು ಮೈಕ್ರೋ, 25 ಕಿಲೋವರೆಗಿನದು ಸಣ್ಣದು, 150 ಕಿಲೋವರೆಗಿನದು ಮಧ್ಯಮ, ಅದಕ್ಕೂ ಮೀರಿದ್ದು ದೊಡ್ಡದು. 10 ಲೀಟರಿನ ಸಿಂಪಡಣೆ ಡ್ರೋನುಗಳು ಸಾಮಾನ್ಯವಾಗಿ 25 ಕಿಲೋದೊಳಗಿನ ವರ್ಗಕ್ಕೆ ಬರುತ್ತವೆ. ಅವುಗಳನ್ನು ಹಾರಿಸಲು ತರಬೇತಿ ಪಡೆದ ಪೈಲಟ್ ಪ್ರಮಾಣಪತ್ರ ಬೇಕು. ಯಂತ್ರಕ್ಕೆ ಮಾದರಿ ಪ್ರಮಾಣಪತ್ರ ಮತ್ತು ನೋಂದಣಿ ಸಂಖ್ಯೆ ಇರಬೇಕು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಲಾಗಿದೆ. ಆದ್ದರಿಂದ ಯಾರೋ ವಿದೇಶದಿಂದ ತಂದದ್ದು ಅಗ್ಗಕ್ಕೆ ಸಿಗುತ್ತದೆಂದು ಮುಗಿಬೀಳಬಾರದು.

ಈಗ ಒಂದೊಂದೇ ಕೆಲಸವನ್ನು ನೋಡೋಣ.

ಮೊದಲನೆಯದು ನಕ್ಷೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಸತಿ ಪ್ರದೇಶವನ್ನು ಡ್ರೋನಿನಿಂದ ಅಳೆಯುತ್ತಿರುವುದನ್ನು ತಾವು ಬಲ್ಲಿರಿ. ನಮ್ಮ ಹಳ್ಳದ ಜಲಾನಯನದಂಥ ಚಿಕ್ಕ ಪ್ರದೇಶದ ನಕ್ಷೆಗೆ 2 ಕಿಲೋದೊಳಗಿನ, ಒಳ್ಳೆಯ ಕ್ಯಾಮೆರಾ ಇರುವ ಡ್ರೋನ್ ಸಾಕು. ಸಾವಿರಾರು ಎಕರೆಯಾದರೆ ಸ್ಥಿರ ರೆಕ್ಕೆಯದು ಲೇಸು. ಆದರೆ ಅದನ್ನು ಇಳಿಸಲು ನಮ್ಮಲ್ಲಿ ಕೊಯ್ಲಾದ ಗದ್ದೆಬಯಲು ಬಿಟ್ಟರೆ ಬೇರೆ ಜಾಗವಿಲ್ಲ. ಇನ್ನು ಕಾಡಿನ ನೆಲವನ್ನೇ ಅಳೆಯಬೇಕಾದರೆ ಕ್ಯಾಮೆರಾ ಸೋಲುತ್ತದೆ. ಅದಕ್ಕೆ ಕಾಣುವುದು ಎಲೆಯ ಮೇಲ್ಛಾವಣಿ ಮಾತ್ರ. ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮರಳುವ ಲೇಸರ್ ಕಿರಣಗಳ ಸಾಧನ, ಅಂದರೆ ಲೈಡಾರ್, ಬೇಕಾಗುತ್ತದೆ.

ಎರಡನೆಯದು ಗಣಿ. ಇದು ನಮ್ಮಂಥ ಸಂಘಟನೆಗಳು ಗಮನಿಸಲೇಬೇಕಾದದ್ದು. 2021ರ ನವೆಂಬರಿನಲ್ಲಿ ಖನಿಜ ಸಂರಕ್ಷಣಾ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯಿರುವ, ಇಲ್ಲವೇ 50 ಹೆಕ್ಟೇರ್ ಅಥವಾ ಹೆಚ್ಚಿನ ಗುತ್ತಿಗೆಯಿರುವ ಗಣಿಗಳು ಪ್ರತಿವರ್ಷ ಡ್ರೋನ್ ಸಮೀಕ್ಷೆಯ ಚಿತ್ರಗಳನ್ನು ಸಲ್ಲಿಸಬೇಕು. ಗುತ್ತಿಗೆಯ ಗಡಿಯಿಂದ ಆಚೆಗೆ 100 ಮೀಟರ್‌ವರೆಗಿನ ನೆಲವೂ ಅದರಲ್ಲಿರಬೇಕು. ಗಡಿ ಮೀರಿ ಅಗೆದರೆ ಮೇಲಿನಿಂದ ಕಾಣುತ್ತದೆ. ಆ ಚಿತ್ರಗಳನ್ನು ನೋಡಬೇಕೆಂದು ಕೇಳುವ ನಾಗರಿಕರಿದ್ದರಷ್ಟೇ ಇಂಥ ನಿಯಮಕ್ಕೆ ಜೀವ ಬರುತ್ತದೆ.

ಮೂರನೆಯದು ವಿಪತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಲಾರಿಯ ಹುಡುಕಾಟಕ್ಕೆ ಡ್ರೋನಿಗೆ ಅಳವಡಿಸಿದ ಸಂವೇದಕಗಳನ್ನೂ ಬಳಸಲಾಯಿತು. ಆದರೆ ಲಾರಿ ಗಂಗಾವಳಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ, ಹೂಳೆತ್ತುವ ಯಂತ್ರ ಬಂದ ನಂತರ. ಡ್ರೋನ್ ಎಲ್ಲಿ ಹುಡುಕಬೇಕೆಂದು ತೋರಿಸಬಹುದು. ಅಗೆಯುವ ಕೆಲಸ ನೆಲದ ಮೇಲಿನವರದೇ. ಇಂಥ ಸಂದರ್ಭಕ್ಕೆ ಗಾಳಿಯಲ್ಲಿ ನಿಲ್ಲಬಲ್ಲ, ಹನಿ ಬಿದ್ದರೆ ಕೆಡದ, ಶಾಖವನ್ನು ಗುರುತಿಸುವ ಕ್ಯಾಮೆರಾ ಉಳ್ಳ ಡ್ರೋನ್ ಬೇಕು. ವಿದ್ಯುತ್ ತಂತಿಯ ಜೋಡಣೆ ಎಲ್ಲಿ ಕಾಯುತ್ತಿದೆ, ಕಾಡಿಗೆ ಬಿದ್ದ ಬೆಂಕಿ ಎಲ್ಲಿ ಹೊಗೆಯಾಡುತ್ತಿದೆ ಎಂದು ನೋಡುವುದಕ್ಕೂ ಅಂಥದೇ ಸಲ್ಲುತ್ತದೆ. ಕಾಡಿನ ಮೇಲೆ ಹಾರಿಸುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಬೇಕು. ಹೆಜ್ಜೇನಿನ ಮರವಿದ್ದಲ್ಲಿ ದೂರವಿರಬೇಕು.

ಇನ್ನು ನಮ್ಮ ಸಂಘದ ಪ್ರಶ್ನೆಗೆ ಬರುತ್ತೇನೆ. ಸಿಂಪಡಣೆ ಯಾವುದಕ್ಕೆ? ‘ಅಡಕೆಗೆ’ ಎಂದರೆ ಉತ್ತರ ಪೂರ್ಣವಾಗಲಿಲ್ಲ. ಒಂದೇ ಮರಕ್ಕೆ ಎರಡು ರೋಗಗಳಿವೆ. ಎಲೆಚುಕ್ಕಿ ರೋಗ ಇರುವುದು ಸೋಗೆಯಲ್ಲಿ. ಕೊಳೆರೋಗ ಬರುವುದು ಕಾಯಿಗೆ, ಅಂದರೆ ಸೋಗೆಯ ಕೊಡೆಯ ಕೆಳಗೆ ತೂಗುವ ಕೊನೆಗೆ. ಡ್ರೋನ್ ಸಿಂಪಡಿಸುವುದು ಮೇಲಿನಿಂದ.

ಕಳೆದ ವರ್ಷ ನನ್ನ ತೋಟದಲ್ಲೇ ಒಂದು ಪರೀಕ್ಷೆ ಮಾಡಿದೆ. ನೀರಿನ ಹನಿ ತಾಗಿದರೆ ಹಳದಿಯಿಂದ ನೀಲಿಗೆ ತಿರುಗುವ ಕಾಗದದ ಪಟ್ಟಿಗಳಿವೆ. ಅವನ್ನು ಕೆಲವು ಮರಗಳ ಸೋಗೆಗೂ ಕೊನೆಗೂ ಕಟ್ಟಿಸಿ, ಬಾಡಿಗೆಯ ಡ್ರೋನಿನಿಂದ ಬರಿಯ ನೀರನ್ನು ಹೊಡೆಸಿದೆ. ಸೋಗೆಯ ಮೇಲಿನ ಪಟ್ಟಿಗಳು ನೀಲಿಯಾದವು. ಕೊನೆಗೆ ಕಟ್ಟಿದವುಗಳಲ್ಲಿ ಹೆಚ್ಚಿನವು ಹಳದಿಯಾಗಿಯೇ ಉಳಿದವು. ಇನ್ನೊಂದು ಸಂಗತಿ ಆ ದಿನ ನನ್ನನ್ನು ನಾಚಿಸಿತು. ಪಕ್ಕದವರ ಬೇಲಿಯಾಚೆ, ಅವರ ವೀಳ್ಯದ ಬಳ್ಳಿಗೆ ಸುಮ್ಮನೆ ಸಿಕ್ಕಿಸಿದ್ದ ಒಂದು ಪಟ್ಟಿಯ ತುಂಬ ನೀಲಿ ಚುಕ್ಕೆಗಳಿದ್ದವು. ನೀರಾದ್ದರಿಂದ ಬದುಕಿದೆ. ಔಷಧಿಯಾಗಿದ್ದರೆ, ಅವರ ಮನೆಯವರು ಊಟವಾದ ಮೇಲೆ ಹಾಕುವ ಕವಳದಲ್ಲಿ ನನ್ನ ಪಾಲೂ ಇರುತ್ತಿತ್ತು.

ಲೆಕ್ಕವನ್ನೂ ನೋಡಿ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. 10 ಲೀಟರನ್ನು ಅಷ್ಟಕ್ಕೂ ಹಂಚಿದರೆ ಮರವೊಂದಕ್ಕೆ 20 ಮಿಲಿಲೀಟರ್ ಕೂಡ ಸಿಗದು. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಕೆಲಸ ಮಾಡುವುದು ಕಾಯಿಯ ಮೈಯನ್ನು ಪೂರ್ತಿ ಲೇಪಿಸಿದಾಗ. ಹಾಗಾಗಿಯೇ ಕೊನೆ ತೊಯ್ದು ತೊಟ್ಟಿಕ್ಕುವವರೆಗೆ ಹೊಡೆಯುವುದು. ಇಷ್ಟು ಅಲ್ಪ ನೀರಿನಲ್ಲಿ ಅದು ಸಾಧ್ಯವಿಲ್ಲ. ದ್ರಾವಣವನ್ನು ಗಟ್ಟಿ ಮಾಡಿದರೆ ಸುಣ್ಣದ ಕಣಗಳು ಸಿಂಪಡಣೆಯ ಸಣ್ಣ ರಂಧ್ರಗಳನ್ನು ಕಟ್ಟಿಹಾಕುತ್ತವೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಕೊಳೆರೋಗಕ್ಕೆ ಡ್ರೋನ್ ಸರಿಯಾದ ಆಯ್ಕೆಯಲ್ಲ. ನೆಲದಲ್ಲೇ ನಿಂತು ಬಳಸುವ ಕಾರ್ಬನ್ ಫೈಬರ್ ದೋಟಿ ಇದೆ. ಮರ ಹತ್ತದೆ ಕೊನೆಯನ್ನು ಗುರಿಯಿಟ್ಟು ತೊಯ್ಯಿಸಬಹುದು. ಎಲೆಚುಕ್ಕಿಗೆ ಡ್ರೋನ್ ಪ್ರಯೋಗಯೋಗ್ಯ. ಬಯಲುಸೀಮೆಯ ಭತ್ತ, ತೊಗರಿಗಳಿಗೆ ಇನ್ನೂ ಹೆಚ್ಚು ಯೋಗ್ಯ.

ಬಯಲಿನಲ್ಲಿ ಒಪ್ಪುವುದು ಮಲೆನಾಡಿಗೆ ಒಪ್ಪದಿರಲು ಬೇರೆ ಕಾರಣಗಳೂ ಇವೆ. ಸಾಮಾನ್ಯ ಡ್ರೋನ್ ಎತ್ತರವನ್ನು ಲೆಕ್ಕ ಹಾಕುವುದು ತಾನು ಹಾರಿದ ಜಾಗದಿಂದ. ಎದುರಿಗೆ ದಿಬ್ಬ ಏರಿದರೆ ಅದಕ್ಕೆ ತಿಳಿಯದು. ನೆಲದ ಏರಿಳಿತವನ್ನು ಅನುಸರಿಸುವ ರೇಡಾರ್ ಇಲ್ಲದ ಯಂತ್ರ ನಮಗೆ ನಿರುಪಯುಕ್ತ. ನಿಯಮದಂತೆ ಡ್ರೋನ್ ಪೈಲಟ್ಟಿನ ಕಣ್ಣಳತೆಯಲ್ಲಿರಬೇಕು. ತೋಟದೊಳಗೆ ನಿಂತರೆ ಆಕಾಶವೇ ಕಾಣುವುದಿಲ್ಲ. ಬೆಟ್ಟದ ಅಂಚಿನಲ್ಲಿ ನಿಲ್ಲಲು ಜಾಗವಿದೆಯೇ ನೋಡಬೇಕು. ಹತ್ತಾರು ನಿಮಿಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕಾದ್ದರಿಂದ ಹಲವು ಜೊತೆ ಬ್ಯಾಟರಿಗಳನ್ನೂ ಜನರೇಟರನ್ನೂ ಸಂಕ ದಾಟಿಸಿ ಹೊತ್ತೊಯ್ಯಬೇಕು. 2023ರಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ವೆಚ್ಚದ ಶೇಕಡಾ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಸಹಾಯಧನದಿಂದ ಯಂತ್ರ ಅಗ್ಗವಾದೀತು. ನಮ್ಮ ಇಳಿಜಾರು ಸಮತಟ್ಟಾಗದು.

ಕೊನೆಯದಾಗಿ ಒಂದು ನೆನಪು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗಡಿಯ ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯವರೂ ಅದೇ ವಿಷದ ನೋವುಂಡರು. ಆ ವಿಷಕ್ಕೆ ಸುಪ್ರೀಂ ಕೋರ್ಟ್ ದೇಶವ್ಯಾಪಿ ತಡೆ ಹಾಕಿದ್ದು 2011ರ ಮೇ 13ರಂದು. ಡ್ರೋನ್ ಹೆಲಿಕಾಪ್ಟರಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಅದು ಬೆಳೆಯ ತುಸು ಮೇಲೆಯೇ ಹಾರುತ್ತದೆ, ಹೊರುವುದೂ ಕಡಿಮೆ, ಹಾರಿಸುವವನಿಗೆ ವಿಷದ ಸೋಂಕೂ ಕಡಿಮೆ. ಆದರೆ ಗುಡ್ಡದ ಮೇಲೆ ಬಿದ್ದ ಹನಿ ಕಣಿವೆಯ ಬಾವಿಗೆ ಇಳಿಯುತ್ತದೆಂಬ ಸತ್ಯ ಅಂದಿಗೂ ಇಂದಿಗೂ ಒಂದೇ.

ಆದ್ದರಿಂದ ಸಂಘದ ಸಭೆಯಲ್ಲಿ ನಾವು ಐದು ಪ್ರಶ್ನೆ ಕೇಳೋಣ. ಯಾವ ರೋಗಕ್ಕೆ, ಯಾವ ಔಷಧಿ? ಅದನ್ನು ಡ್ರೋನಿನಿಂದ ಸಿಂಪಡಿಸಲು ಅನುಮತಿ ಇದೆಯೇ? ನಮ್ಮದೇ ಇಳಿಜಾರಿನಲ್ಲಿ ಬರಿಯ ನೀರಿನಿಂದ, ಕಾಗದದ ಪಟ್ಟಿ ಕಟ್ಟಿ, ತೋರಿಸಿಕೊಡುತ್ತಾರೆಯೇ? ಬಾವಿ, ಹಳ್ಳ, ಜೇನುಪೆಟ್ಟಿಗೆ, ಶಾಲೆಗಳಿಂದ ಎಷ್ಟು ದೂರ ಬಿಡುತ್ತಾರೆ? ನೆರೆಯವರಿಗೆ ಹಿಂದಿನ ದಿನವೇ ತಿಳಿಸುವ ಹೊಣೆ ಯಾರದು? ಇವಕ್ಕೆ ಉತ್ತರ ಸಿಗುವವರೆಗೆ ಕೊಳ್ಳುವ ನಿರ್ಣಯ ಬೇಡ. ಆ ಹಣದಲ್ಲಿ ಒಂದು ಪಾಲನ್ನು ದೋಟಿಗೂ ಅದನ್ನು ಬಳಸುವ ಯುವಕರ ತರಬೇತಿಗೂ ತೆಗೆದಿಡಲಿ. ಒಂದು ಪುಟ್ಟ ಕ್ಯಾಮೆರಾ ಡ್ರೋನ್ ಕೊಂಡರೆ ನನ್ನ ತಕರಾರಿಲ್ಲ. ಕುಸಿಯುವ ದರೆಯನ್ನೂ ಒತ್ತುವರಿಯಾದ ಸೊಪ್ಪಿನಬೆಟ್ಟವನ್ನೂ ಅದು ವರ್ಷವರ್ಷ ದಾಖಲಿಸಲಿ.

ನೆರೆಯವರ ವೀಳ್ಯದ ಬಳ್ಳಿಗೆ ಸಿಕ್ಕಿಸಿದ್ದ ಆ ಪಟ್ಟಿಯನ್ನು ನಾನು ಎತ್ತಿಟ್ಟಿದ್ದೇನೆ. ಸಂಘದ ಸಭೆಗೆ ತರುತ್ತೇನೆ. ತಾವೆಲ್ಲರೂ ಬರಬೇಕು.