ಕಥೆಯ ಪಾತ್ರಕ್ಕೆ ಯಾವ ಉಡುಪು?

ಬೆಳಗಿನ ಲೋಕಲ್ ಗಾಡಿಯಲ್ಲಿ ಎದುರಿಗೆ ಕುಳಿತವರ ಹೆಸರು ನಮಗೆ ಗೊತ್ತಿರುವುದಿಲ್ಲ. ಆದರೂ ಅಂಗಿ, ಚಪ್ಪಲಿ, ಕೈಚೀಲ ನೋಡಿ ಇವರು ಬ್ಯಾಂಕಿನವರು, ಅವರು ಹೋಟೆಲಿನವರು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಡುತ್ತೇವೆ. ಎಷ್ಟೋ ಸಲ ಅದು ತಪ್ಪಾಗಿರುತ್ತದೆ. ಕಥೆ ಬರೆಯಲು ಕುಳಿತಾಗಲೂ ನಾವು ಹೀಗೆಯೇ ಎಡವುತ್ತೇವೆ. ಕವಿ ಎಂದರೆ ಜುಬ್ಬಾ, ಹೆಗಲ ಚೀಲ. ಹಳ್ಳಿಯವನೆಂದರೆ ಮಾಸಿದ ಪಂಚೆ. ಕೆಟ್ಟವಳೆಂದರೆ ತುಟಿಗೆ ಬಣ್ಣ, ತೋಳಿಲ್ಲದ ರವಿಕೆ. ಇವು ನಾಟಕಕ್ಕೆ ಬಾಡಿಗೆಗೆ ತಂದ ವೇಷಗಳಂತೆ. ಯಾರಿಗೆ ತೊಡಿಸಿದರೂ ಆದೀತು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ನೆನಪಿಸಿಕೊಳ್ಳಿ. 1976ರಲ್ಲಿ ಬಂದದ್ದು. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣುಮಗಳು ಆಕೆ. ಬೋಳಿಸಿದ ತಲೆ, ಮಡಿ ಸೀರೆ. ಎರಡೂ ಅವಳು ಆರಿಸಿಕೊಂಡವಲ್ಲ. ನೋಡಿದವರು ಇವಳು ಹಳೆಯ ಕಟ್ಟಳೆಯ ಕಡೆಯವಳೆಂದೇ ತಿಳಿಯಬೇಕು. ಆದರೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ, ಫಣಿಯಮ್ಮ ನಿಲ್ಲುವುದು ಆ ಹುಡುಗಿಯ ಪರ. ವೇಷ ಒಂದು ಹೇಳುತ್ತದೆ, ಮನಸ್ಸು ಇನ್ನೊಂದು. ಆ ನಡುವಿನಲ್ಲಿ ಪಾತ್ರ ಜೀವ ತಳೆಯುತ್ತದೆ.

ಉಡುಪು ತೊಟ್ಟವರನ್ನಷ್ಟೇ ಅಲ್ಲ, ತೊಡಿಸಿದವರನ್ನೂ ಬಯಲಿಗೆಳೆಯುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಒಂದು ಕಥೆಯಲ್ಲಿ, ಅತ್ತಿಗೆಯ ಎತ್ತರ ಹಿಮ್ಮಡಿಯ ಚಪ್ಪಲಿಗೆ ಮರುಳಾದವನೊಬ್ಬ ಬಸುರಿ ಹೆಂಡತಿಯ ಕಾಲಿಗೂ ಅಂಥದ್ದನ್ನೇ ತೊಡಿಸುತ್ತಾನೆ. ಕಾಲು ಅವಳದು, ಹುಚ್ಚು ಅವನದು. ಅವನ ಸ್ವಭಾವವನ್ನು ಬೇರೆ ಮಾತಿನಲ್ಲಿ ವಿವರಿಸಬೇಕಾಗಿಯೇ ಇಲ್ಲ.

ಈಗ ನಮ್ಮ ಮುಂಬಯಿಯದೇ ಒಂದು ಪಾತ್ರ ಕಟ್ಟೋಣ. ತುಳುನಾಡಿನಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಅಂದಿನ ಹುಡುಗರಲ್ಲೊಬ್ಬ. ಅವನಿಗೆ ಎರಡು ಚಡ್ಡಿ, ಮೂರು ಅಂಗಿ ಇತ್ತೆಂದು ಪಟ್ಟಿ ಕೊಟ್ಟರೆ ಓದುಗರಿಗೆ ಏನೂ ದಕ್ಕದು. ಊರಿಗೆ ಕಳಿಸುವ ಫೋಟೋಕ್ಕೆಂದು ಜತೆಗಾರನ ಅಂಗಿ ಎರವಲು ಪಡೆದ, ಉದ್ದವಾದ ತೋಳನ್ನು ಎರಡು ಸುತ್ತು ಮಡಚಿಕೊಂಡ ಎನ್ನಿ. ಊರಿನಲ್ಲಿ ಫೋಟೋ ಕೈಗೆತ್ತಿಕೊಂಡ ಅಮ್ಮನ ಕಣ್ಣು ಮೊದಲು ಬೀಳುವುದು ಮಗನ ಮುಖದ ಮೇಲೋ, ಆ ಮಡಿಕೆಯ ಮೇಲೋ? ಕಥೆ ಅಲ್ಲಿಂದ ಶುರುವಾಗುತ್ತದೆ.

ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಬಟ್ಟೆ ಕೊಡಿಸಿದವರು ಯಾರು? ತೊಟ್ಟದ್ದು ಯಾರ ಕಣ್ಣಿಗಾಗಿ? ಹರಿದರೆ ಎಸೆಯುತ್ತಾರೋ, ಹೊಲಿದುಕೊಳ್ಳುತ್ತಾರೋ? ಉತ್ತರ ಸಿಕ್ಕರೆ ಬಣ್ಣ, ಅಂಚುಗಳ ವರ್ಣನೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಸಿಗದಿದ್ದರೆ ಒಂದು ಪುಟ ಬರೆದರೂ ಸಾಲದು.

ನಾಳೆ ಲೋಕಲ್ ಗಾಡಿಯಲ್ಲಿ ಎದುರಿನವರ ಬಗ್ಗೆ ತೀರ್ಮಾನಕ್ಕೆ ಬರುವ ಮುನ್ನ ಇದೇ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿ ನೋಡಿ. ಕಥೆ ಹುಟ್ಟದಿದ್ದರೂ ಚಿಂತೆಯಿಲ್ಲ. ಒಬ್ಬ ಮನುಷ್ಯನನ್ನು ತಪ್ಪಾಗಿ ತಿಳಿಯುವುದಾದರೂ ತಪ್ಪೀತು.