ನೀರಿನ ಸುದ್ದಿ ಮೀನಿನ ಮರಿಗೆ ಗೊತ್ತು
(ಖಾನಾಪುರ ಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾವಿಯಿಂದ ಬಂದ ಗಿರಣಿ ಕಾಮಗಾರರೂ ಈ ಪೇಟೆಯ ಅಂಗಡಿಕಾರರೂ ಇಂದು ಒಂದೇ ಜಮಖಾನೆಯ ಮೇಲೆ ಕೂತಿದ್ದೇವೆ. ಕೂಲಿ, ಬೋನಸ್ಸು, ತೆರಿಗೆಗಳ ಮಾತು ನಮಗೆ ಹೊಸತಲ್ಲ. ಇಂದಿನದು ನೀರಿನ ಮಾತು. ನೀರಿಗೆ ಸೇರುವ ಔಷಧದ ಮಾತು.

ನುಂಗಿದ ಗುಳಿಗೆಯೆಲ್ಲ ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ. ಒಂದು ಪಾಲು ಮೂತ್ರದೊಡನೆ ಗಟಾರ ಸೇರುತ್ತದೆ. ದವಾಖಾನೆಯ ನೀರೂ ಮನೆಯಲ್ಲಿ ಉಳಿದು ಚೆಲ್ಲಿದ ಔಷಧವೂ ಅದನ್ನು ಕೂಡುತ್ತವೆ. ಬೆಳಗಾವಿಯವರು ರಕ್ಕಸಕೊಪ್ಪದಿಂದ ಮಾರ್ಕಂಡೇಯ ನದಿಯ ನೀರು ತಂದು ಕುಡಿಯುತ್ತೇವೆ. ಊರಿನ ಹೊಲಸು ಬಳ್ಳಾರಿ ನಾಲಾದ ಮೂಲಕ ಅದೇ ನದಿಗೆ ಕೆಳಗೆ ಹೋಗಿ ಬೀಳುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಿಮ್ಮ ಪೇಟೆಯನ್ನು ದಾಟಿಯೇ ಕೆಳಗಿನ ಊರುಗಳಿಗೆ ಹೋಗಬೇಕು.

“ಮೀನು ಓಡಾಡುತ್ತಿವೆ, ನೀರಿಗೇನಾಗಿದೆ?” ಎನ್ನುವವರಿದ್ದಾರೆ. ಕಾನೂನೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ದವಾಖಾನೆಯಿಂದ ಹೊರಬಿಡುವ ನೀರಿನಲ್ಲಿ 96 ತಾಸಿನ ನಂತರ ನೂರಕ್ಕೆ 90 ಮೀನು ಬದುಕಿರಬೇಕು. ಮೀನನ್ನು ಸಾಕ್ಷಿಗೆ ಕರೆದದ್ದು ಸರಿಯೇ. ಆದರೆ ಸಾಕ್ಷಿಗೆ ಕೇಳಿದ್ದು ಒಂದೇ ಪ್ರಶ್ನೆ: ನಾಲ್ಕು ದಿನ ಜೀವ ಹಿಡಿದೆಯಾ?

ತತ್ತಿಗೆ ಒಂದು ಪೊರೆಯಿದೆ. ಅದು ಕೆಲವು ವಿಷಗಳನ್ನು ತಡೆಯುತ್ತದೆ, ಕೆಲವನ್ನು ಒಳಬಿಡುತ್ತದೆ. ತತ್ತಿಯೊಡೆದು ಬಂದ ಮರಿಗೆ ಆ ಕಾಪೂ ಇಲ್ಲ. ಕಿವಿರು, ಮೂತ್ರಪಿಂಡಗಳು ಇನ್ನೂ ಬೆಳೆಯುತ್ತಿರುತ್ತವೆ. ದೊಡ್ಡ ಮೀನು ತಾಳಿಕೊಂಡ ಎಷ್ಟೋ ವಿಷಕ್ಕೆ ಮರಿ ಸಾಯುತ್ತದೆ, ಇಲ್ಲವೇ ಬೆಳೆಯದೆ ಕುಗ್ಗುತ್ತದೆ. ಸತ್ತರೂ ನಮ್ಮ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ.

ದೊಡ್ಡ ಮೀನು ಬದುಕಿದ್ದೂ ಸಂತಾನ ನಿಲ್ಲಬಹುದು. 2001ರಿಂದ ಮೂರು ಬೇಸಗೆ ಕೆನಡಾದ ವಿಜ್ಞಾನಿಗಳು ಪ್ರಯೋಗದ ಕೆರೆಯೊಂದಕ್ಕೆ ಸಂತಾನ ನಿಯಂತ್ರಣದ ಗುಳಿಗೆಯಲ್ಲಿರುವ ಹಾರ್ಮೋನು ಬೆರೆಸಿದರು. ಪ್ರಮಾಣ, ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಐದಾರು ಪಾಲು. ಗಂಡು ಮೀನುಗಳ ವೃಷಣದಲ್ಲಿ ತತ್ತಿ ಮೂಡಿದವು. ಒಂದು ಸಣ್ಣ ಮೀನಿನ ಜಾತಿ ಆ ಕೆರೆಯಲ್ಲಿ ಬಹುತೇಕ ಅಳಿಯಿತು.

ಹೈದರಾಬಾದಿನ ಬಳಿಯ ಪಟಾನ್‌ಚೆರು ದೂರದ್ದಲ್ಲ. ಔಷಧ ಕಾರಖಾನೆಗಳ ನೀರನ್ನು ಅಲ್ಲಿ ಶುದ್ಧಿ ಮಾಡಿ ಬಿಟ್ಟ ಮೇಲೂ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಾಸಿನ್ ಉಳಿದಿತ್ತೆಂದು 2007ರಲ್ಲಿ ಪ್ರಕಟವಾಯಿತು. ಅಂಥ ನೀರನ್ನು ಸಾವಿರಕ್ಕೆ ಎರಡು ಪಾಲು ಬೆರೆಸಿದಾಗಲೂ ಕಪ್ಪೆಮರಿಗಳ ಬೆಳವಣಿಗೆ ಕುಂಠಿತವಾಯಿತು. ನಮ್ಮ ನದಿಗಳು ಅಷ್ಟು ಕೆಟ್ಟಿವೆಯೆಂದು ನಾವು ಹೇಳುವುದಿಲ್ಲ. ಕೆಡುವವರೆಗೆ ಕಾಯಬಾರದೆಂದು ಹೇಳುತ್ತೇವೆ.

ರೋಗಿ ಗುಳಿಗೆ ಬಿಡಬೇಕೆಂದೂ ಹೇಳುವುದಿಲ್ಲ. ನಮ್ಮ ಬೇಡಿಕೆ ಇಷ್ಟು. ಗಟಾರದ ನೀರು ಶುದ್ಧಿಯಾಗದೆ ನದಿಗೆ ಬೀಳಬಾರದು. ಪರೀಕ್ಷೆ ತತ್ತಿ, ಮರಿಗಳ ಮೇಲೂ ನಡೆಯಬೇಕು. ಬೇಸಗೆಯಲ್ಲಿ ಹರಿವು ತಗ್ಗಿದಾಗ ಒಮ್ಮೆ, ಮಳೆಗಾಲದಲ್ಲಿ ಮೀನು ತತ್ತಿಯಿಡುವಾಗ ಒಮ್ಮೆ. ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಬೇಕು. ಉಳಿದ ಔಷಧವನ್ನು ಮರಳಿ ಪಡೆಯುವ ಖರ್ಚನ್ನು ಸಣ್ಣ ಅಂಗಡಿಕಾರನ ತಲೆಗೆ ಕಟ್ಟದೆ, ಔಷಧದಿಂದ ಲಾಭ ಪಡೆಯುವ ಕಂಪನಿಗಳು ಹೊರಬೇಕು.

ಗಿರಣಿ ಮುಚ್ಚಿದರೆ ನಮಗೆ ನೋಟೀಸಾದರೂ ಬರುತ್ತದೆ. ಬಲೆ ಬರಿದಾದ ಬೆಸ್ತನಿಗೆ ನೋಟೀಸು ಕೊಡುವವರಿಲ್ಲ. ಈ ಅರ್ಜಿಗೆ ಇಂದೇ ಸಹಿ ಹಾಕಿರಿ. ಅವನನ್ನೂ ಕರೆತಂದು ಹಾಕಿಸಿರಿ.