ಬಣ್ಣ ಎರಡು ಪಟ್ಟು, ದೂರವೂ ಎರಡು ಪಟ್ಟೇ?

ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಮನೆಯಲ್ಲಿದ್ದರೆ ಒಂದು ಚಿಟಿಕೆ ಕೇಳಿ ಇಸಿದುಕೊಳ್ಳಿ. ಜೊತೆಗೆ ಒಂದಿಷ್ಟು ಚೀನಾ ಗ್ರಾಸ್, ಮೂರು ಗಾಜಿನ ಲೋಟ, ಕಂಪಾಸ್ ಬಾಕ್ಸಿನ ಸ್ಕೇಲು. ವಿಸರಣೆಯ, ಅಂದರೆ ಅಣುಗಳು ತಾವಾಗಿಯೇ ಅಲೆದು ಹರಡುವುದರ, ಪ್ರಯೋಗಕ್ಕೆ ಇಷ್ಟು ಸಾಕು.

ಶಾಲೆಯಲ್ಲಿ ಇದನ್ನು ಬೀಕರಿನ ನೀರಿಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಹಾಕಿ ತೋರಿಸುತ್ತಾರೆ. ನೇರಳೆ ಬಣ್ಣ ಸುರುಳಿ ಸುರುಳಿಯಾಗಿ ಹರಡುವುದು ನೋಡಲು ಚೆಂದವೇ. ಆದರೆ ನನ್ನದೊಂದು ತಕರಾರಿದೆ. ಆ ಸುರುಳಿಗಳಲ್ಲಿ ವಿಸರಣೆಯ ಪಾಲು ಕಡಿಮೆ. ಭಾರವಾದ ಬಣ್ಣದ ನೀರು ತಳಕ್ಕೆ ಜಾರುವುದು, ನೀರು ಒಳಗೊಳಗೇ ಹರಿದಾಡುವುದು, ಇವೇ ಹೆಚ್ಚು. ಚೀನಾ ಗ್ರಾಸಿನ ಜೆಲ್ಲಿಯೊಳಗೆ ನೀರು ಹಾಗೆ ಹರಿದಾಡಲಾರದು. ಅಲ್ಲಿ ಬಣ್ಣ ಮುಂದೆ ಹೋಯಿತೆಂದರೆ ಅದು ವಿಸರಣೆಯೇ.

ಚೀನಾ ಗ್ರಾಸ್ ಕುದಿಸಿ ಕರಗಿಸುವ ಕೆಲಸ ದೊಡ್ಡವರಿಗೆ ಬಿಡಿ. ಮೂರು ಲೋಟಕ್ಕೂ ಅರ್ಧರ್ಧ ಸುರಿದು ಗಟ್ಟಿಯಾಗಲು ಬಿಡಿ. ಇನ್ನೊಂದು ಲೋಟದ ನೀರಿಗೆ ಬಣ್ಣ ಕದಡಿ. ಅದರಲ್ಲಿ ಅರ್ಧ ತೆಗೆದು ಅಷ್ಟೇ ನೀರು ಬೆರೆಸಿದರೆ ಸಾರತೆ, ಅಂದರೆ ನೀರಿನಲ್ಲಿರುವ ಬಣ್ಣದ ದಟ್ಟಣೆ, ಅರ್ಧಕ್ಕಿಳಿಯಿತು. ಅದರಲ್ಲೂ ಅರ್ಧ ತೆಗೆದು ಹಾಗೇ ಮಾಡಿದರೆ ಕಾಲು ಭಾಗ. ಮೂರು ಬಗೆಯ ನೀರನ್ನೂ ಒಂದೊಂದು ಜೆಲ್ಲಿಯ ಮೇಲೆ ಸಮಸಮನಾಗಿ ನಿಧಾನಕ್ಕೆ ಹೊಯ್ದು, ಮೂರನ್ನೂ ಒಂದೇ ಜಾಗದಲ್ಲಿಡಿ. ರಾತ್ರಿ ಹಾಗೇ ಇರಲಿ.

ಬೆಳಿಗ್ಗೆ ಲೋಟದ ಪಕ್ಕಕ್ಕೆ ಸ್ಕೇಲು ಹಿಡಿದು ನೋಡಿ. ಬಣ್ಣ ಇಳಿದಿರುತ್ತದೆ, ಕೆಳಗೆ ಹೋದಂತೆ ತೆಳ್ಳಗಾಗುತ್ತ ಎಲ್ಲೋ ಒಂದು ಕಡೆ ಕಾಣದಾಗಿರುತ್ತದೆ. ಗಾಢ ಬಣ್ಣದ ಲೋಟವೇ ಮುಂದಿರುತ್ತದೆ, ಸರಿ. ಆದರೆ ಎರಡು ಪಟ್ಟು ಸಾರತೆಗೆ ಎರಡು ಪಟ್ಟು ದೂರ? ಊಹೂಂ. ಸ್ವಲ್ಪ ಮಾತ್ರ ಹೆಚ್ಚು.

ಯಾಕೆ ಹೀಗೆ? ಬಣ್ಣದ ಅಣುಗಳನ್ನು ಯಾರೂ ತಳ್ಳುತ್ತಿಲ್ಲ. ಎತ್ತ ಹೋಗಬೇಕೆಂದು ಅವಕ್ಕೆ ಗೊತ್ತೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಎರಡು ಕೋಣೆಗಳಲ್ಲಿ ಅಡ್ಡಾದಿಡ್ಡಿ ಓಡಾಡುತ್ತಿದ್ದಾರೆ, ನಡುವೆ ಒಂದು ಬಾಗಿಲು ಎಂದುಕೊಳ್ಳಿ. ಈ ಕಡೆ 40 ಮಕ್ಕಳು, ಆ ಕಡೆ 10. ಒಂದು ನಿಮಿಷದಲ್ಲಿ ಐದರಲ್ಲೊಬ್ಬರು ಹೇಗೋ ಬಾಗಿಲು ದಾಟುತ್ತಾರೆ ಅನ್ನೋಣ. ಇಲ್ಲಿಂದ 8 ಮಂದಿ ಹೋದರು, ಅಲ್ಲಿಂದ 2 ಮಂದಿ ಬಂದರು. ಒಟ್ಟಿನಲ್ಲಿ ಆ ಕಡೆಗೆ ಹೋದವರು 6. ಈಗ ಈ ಕಡೆ 70 ಮಕ್ಕಳಿದ್ದರೆ? 14 ಹೋಗುತ್ತಾರೆ, 2 ಬರುತ್ತಾರೆ, ಲೆಕ್ಕಕ್ಕೆ 12. ಎರಡು ಕಡೆಯ ವ್ಯತ್ಯಾಸ 30ರಿಂದ 60ಕ್ಕೆ ಏರಿತು, ದಾಟಿದವರೂ 6ರಿಂದ 12 ಆದರು.

ಉಪ್ಪು ನೀರಿನಲ್ಲಿ ಹರಡುವುದನ್ನು ಅಳೆದು 1855ರಲ್ಲಿ ಜರ್ಮನಿಯ ದೇಹವಿಜ್ಞಾನಿ ಅಡಾಲ್ಫ್ ಫಿಕ್ ಹೇಳಿದ್ದೂ ಇದನ್ನೇ: ಸಾರತೆಯ ವ್ಯತ್ಯಾಸ ಹೆಚ್ಚಿದಷ್ಟೂ ದಾಟಿ ಹೋಗುವ ಪ್ರಮಾಣ ಹೆಚ್ಚು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಹೆಚ್ಚಿದ್ದು ದಾಟಿದವರ ಸಂಖ್ಯೆ, ಒಬ್ಬೊಬ್ಬರ ಓಟವಲ್ಲ, ಅದನ್ನು ಗಮನಿಸಿದಿರಾ? 70 ಮಕ್ಕಳಿದ್ದರೆಂದು ಯಾರ ಕಾಲೂ ಉದ್ದವಾಗಲಿಲ್ಲ. ಗಾಢ ಬಣ್ಣದ ಲೋಟದಲ್ಲೂ ಅಷ್ಟೇ. ಜೆಲ್ಲಿಯೊಳಗೆ ಎರಡು ಪಟ್ಟು ಬಣ್ಣ ಇಳಿದಿದೆ. ಆದರೆ ಪ್ರತಿ ಅಣು ಅಲೆಯುವ ಪರಿ ಮೊದಲಿನದೇ. ಬಣ್ಣ ಹೆಚ್ಚಿದ್ದರಿಂದ ತುದಿಯ ತೆಳು ಭಾಗವೂ ನಮ್ಮ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಆ ಒಂದಿಷ್ಟು ಮುನ್ನಡೆ.

ಗುರಿಯಿಲ್ಲದೆ ಅಲೆಯುವವರು ದೂರ ಹೋಗಲು ಹೊತ್ತು ಬಹಳ ಬೇಕು. ದೂರ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟು. ನಂಬದಿದ್ದರೆ ಮೊದಲ ಗಂಟೆಗೊಮ್ಮೆ, ನಾಲ್ಕನೆಯ ಗಂಟೆಗೊಮ್ಮೆ ಗೆರೆ ಹಾಕಿ ಅಳೆಯಿರಿ.

ಅಂದ ಹಾಗೆ, ಜೆಲ್ಲಿಗೆ ಸಕ್ಕರೆ ಹಾಕಬೇಡಿ. ಬೆಳಿಗ್ಗೆ ಅಳೆಯಲು ಹೋದರೆ ಲೋಟದ ತುಂಬ ಇರುವೆಗಳಿರುತ್ತವೆ.